ಹೊಡೆದಾಟದತ್ತ ವಾಲುತ್ತಿರುವ ಹದಿಹರೆಯದವರಿಗೆ ಸಮುದಾಯ ಕಲಾ ಕಾರ್ಯಕ್ರಮ ಕಟ್ಟುವುದು ಹೇಗೆ?

ನಾಟಕ, ಸಂಗೀತ, ಚಿತ್ರ ಅಥವಾ ನೃತ್ಯ ಕಲಿಸುವುದರಿಂದ ಹೊಡೆದಾಟದತ್ತ ವಾಲುತ್ತಿರುವ ಹದಿಹರೆಯದವರನ್ನು ತಡೆಯಲು ಸಾಧ್ಯವೇ, ಸಾಧ್ಯವಿದ್ದರೆ ಎಲ್ಲಿಂದ ಆರಂಭಿಸಬೇಕು ಎಂಬ ಪ್ರಶ್ನೆಯನ್ನು ಶಿಕ್ಷಕರು, ಯುವಕ ಸಂಘದವರು, ಕಲಾವಿದರು ಮತ್ತು ಪೋಷಕರು ಮತ್ತೆ ಮತ್ತೆ ಕೇಳುತ್ತಿರುತ್ತಾರೆ. ಸಾಧ್ಯವಿದೆ, ಆದರೆ ಅದಕ್ಕೆ ಷರತ್ತುಗಳಿವೆ. ಯಾವ ಕಲೆಯನ್ನು ಆರಿಸಿಕೊಂಡಿರಿ ಎಂಬುದಕ್ಕಿಂತ ಯಾರ ಪಕ್ಕದಲ್ಲಿ ಯಾರನ್ನು ಕೂರಿಸಿದಿರಿ, ದಿನದ ಯಾವ ಹೊತ್ತಿನಲ್ಲಿ ಬಾಗಿಲು ತೆರೆದಿರಿ, ಅದೇ ಹಿರಿಯರು ಎಷ್ಟು ಕಾಲ ಅಲ್ಲಿ ಉಳಿದರು ಎಂಬುದರ ಮೇಲೆಯೇ ಫಲಿತಾಂಶ ಹೆಚ್ಚಾಗಿ ನಿಂತಿರುತ್ತದೆ. ಈ ಲೇಖನದಲ್ಲಿ ಆ ಷರತ್ತುಗಳನ್ನು ಒಂದೊಂದಾಗಿ ವಿವರಿಸಲಾಗಿದೆ.

ಇಲ್ಲಿ ‘ಅಪಾಯದ ಅಂಚಿನಲ್ಲಿರುವವರು’ ಎಂದಾಗ ಸುಮಾರು 12ರಿಂದ 18 ವರ್ಷದೊಳಗಿನ, ಶಾಲೆಯಿಂದ ಮೆಲ್ಲಗೆ ದೂರವಾಗುತ್ತಿರುವ, ಮನೆಯಲ್ಲೋ ಬೀದಿಯಲ್ಲೋ ಹಿಂಸೆಯನ್ನು ಕಣ್ಣಾರೆ ಕಂಡಿರುವ, ಅಣ್ಣ ಅಥವಾ ಗೆಳೆಯರು ಹೊಡೆದಾಟದ ಗುಂಪುಗಳಲ್ಲಿರುವ, ಅಥವಾ ಈಗಾಗಲೇ ಒಂದೆರಡು ಬಾರಿ ಪೊಲೀಸರ ಮುಂದೆ ನಿಂತಿರುವ ಮಕ್ಕಳು ಎಂದು ತಿಳಿಯಬೇಕು. ಇಂಥ ಮಕ್ಕಳಲ್ಲಿ ಹೆಚ್ಚಿನವರು ಗಂಭೀರವಾದ ಹಿಂಸೆಗೆ ಎಂದೂ ಇಳಿಯುವುದಿಲ್ಲ. ಈ ಮಾತನ್ನು ಆರಂಭದಲ್ಲೇ ಮನಸ್ಸಿನಲ್ಲಿ ಇಟ್ಟುಕೊಳ್ಳದಿದ್ದರೆ, ನೀವು ಮಕ್ಕಳ ಜೊತೆ ಮಾತನಾಡುವ ಧಾಟಿಯೇ ಕೆಡುತ್ತದೆ.

ಕಲೆ ಏಕೆ ಉಪಯೋಗಕ್ಕೆ ಬರುತ್ತದೆ

ಹದಿಹರೆಯದ ಹೊಡೆದಾಟಗಳಲ್ಲಿ ಬಹುಪಾಲು ಯಾರಾದರೂ ನೋಡುತ್ತಿರುವಾಗ ನಡೆಯುತ್ತವೆ. ನೋಡುವವರಿಲ್ಲದಿದ್ದರೆ ಅವಮಾನವೂ ಅಷ್ಟಿಲ್ಲ, ಅದನ್ನು ತೀರಿಸಿಕೊಳ್ಳುವ ಒತ್ತಾಯವೂ ಅಷ್ಟಿಲ್ಲ. 2005ರಲ್ಲಿ ಮಾರ್ಗೋ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಂಪ್ಯೂಟರಿನ ವಾಹನ ಚಾಲನೆಯ ಆಟದಲ್ಲಿ 13ರಿಂದ 16 ವರ್ಷದವರು ಒಬ್ಬರೇ ಇದ್ದಾಗಿನದಕ್ಕಿಂತ ಓರಗೆಯವರು ಜೊತೆಗಿದ್ದಾಗ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ವಯಸ್ಕರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಓರಗೆಯವರ ಕಣ್ಣೆದುರು ಏನನ್ನಾದರೂ ಮಾಡಿ ತೋರಿಸಬೇಕೆಂಬ ಹಂಬಲವನ್ನು ಉಪದೇಶದಿಂದ ಇಲ್ಲವಾಗಿಸಲು ಆಗುವುದಿಲ್ಲ. ಕಲೆ ಆ ಹಂಬಲವನ್ನು ಹಾಗೆಯೇ ಇರಗೊಟ್ಟು, ಮಾಡಿ ತೋರಿಸಲು ಬೇರೆಯದೊಂದನ್ನು ಕೊಡುತ್ತದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1970ರ ದಶಕದಲ್ಲಿ ರೂಪುಗೊಂಡ ಹಿಪ್‌ಹಾಪ್‌ನಲ್ಲಿ ನೃತ್ಯದ ಎದುರುಬದುರು ಸ್ಪರ್ಧೆಗೆ ‘ಕದನ’ ಎಂಬ ಅರ್ಥದ ಹೆಸರೇ ಇರುವುದು ಆಕಸ್ಮಿಕವೇನಲ್ಲ.

ಇದರ ಜೊತೆಗೆ ತಾಲೀಮಿನಲ್ಲಿ ಸರದಿ ಕಾಯುವುದು, ತಪ್ಪಿದ ತಾಳವನ್ನು ಎಲ್ಲರೆದುರು ಮತ್ತೆ ಹಿಡಿಯುವುದು, ಟೀಕೆಯನ್ನು ಕೇಳಿಸಿಕೊಂಡು ಅಲ್ಲೇ ನಿಲ್ಲುವುದು ಇವೆಲ್ಲವೂ ದಿನದಿನವೂ ನಡೆಯುವುದರಿಂದ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವ ಅಭ್ಯಾಸ ಬೆಳೆಯುತ್ತದೆ. ವೆನೆಜುವೆಲಾದಲ್ಲಿ ಹೋಸೆ ಆಂಟೋನಿಯೊ ಅಬ್ರೆಯು 1975ರಲ್ಲಿ ಆರಂಭಿಸಿದ ‘ಎಲ್ ಸಿಸ್ಟೆಮಾ’ ಎಂಬ ವಾದ್ಯವೃಂದ ಶಿಕ್ಷಣ ವ್ಯವಸ್ಥೆಯನ್ನು 2012–13ರಲ್ಲಿ 16 ಕೇಂದ್ರಗಳ 6ರಿಂದ 14 ವರ್ಷದ 2,914 ಮಕ್ಕಳ ಮೇಲೆ ಪರೀಕ್ಷಿಸಲಾಯಿತು. ಆತ್ಮನಿಯಂತ್ರಣ ಸ್ವಲ್ಪ ಹೆಚ್ಚಿತ್ತು, ನಡವಳಿಕೆಯ ತೊಂದರೆಗಳು ಸ್ವಲ್ಪ ಕಡಿಮೆಯಾಗಿದ್ದವು. ಹಿಂಸೆಯನ್ನು ಹತ್ತಿರದಿಂದ ಕಂಡ ಹುಡುಗರಲ್ಲಿ ಈ ಬದಲಾವಣೆ ಇನ್ನಷ್ಟು ಸ್ಪಷ್ಟವಾಗಿತ್ತು. ‘ಸ್ವಲ್ಪ’ ಎಂಬ ಪದವನ್ನು ದಯವಿಟ್ಟು ಗಮನಿಸಿ. ಕಲೆಯಿಂದ ಬದುಕೇ ಬದಲಾಯಿತು ಎಂಬ ಕಥೆಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ಆದರೆ ಯೋಜನೆ ಹಾಕುವಾಗ ನಿರೀಕ್ಷೆ ಈ ‘ಸ್ವಲ್ಪ’ದ ಅಳತೆಯಲ್ಲಿರಬೇಕು.

ಆರಂಭಕ್ಕೆ ಮುನ್ನ ಕೈಯಲ್ಲಿರಬೇಕಾದುವು

ಕನಿಷ್ಠ ಒಂದು ವರ್ಷ ಬಿಟ್ಟುಹೋಗದ ಇಬ್ಬರು ಹಿರಿಯರು, ವಾರಕ್ಕೆ ಎರಡು ಅಥವಾ ಮೂರು ದಿನ ಖಚಿತವಾಗಿ ಸಿಗುವ ಒಂದು ಕೋಣೆ, ಕಷ್ಟ ಬಂದಾಗ ಕರೆ ಮಾಡಬಹುದಾದ ಒಬ್ಬ ಆಪ್ತಸಮಾಲೋಚಕರು (ಮಕ್ಕಳ ಮಾತನ್ನು ಆಲಿಸಿ ಮಾನಸಿಕ ನೆರವು ನೀಡಲು ತರಬೇತಿ ಪಡೆದವರು) ಮತ್ತು ಒಂದು ವರ್ಷದ ಖರ್ಚಿಗಾಗುವಷ್ಟು ಹಣ ಅಥವಾ ಅದರ ಭರವಸೆ. ಮೂರು ತಿಂಗಳಿಗಾಗುವಷ್ಟು ಹಣವಷ್ಟೇ ಇದ್ದರೆ ಕಾರ್ಯಕ್ರಮವನ್ನು ಮುಂದೂಡುವುದೇ ಲೇಸು. ತನ್ನನ್ನು ಬಿಟ್ಟುಹೋದ ಹಿರಿಯರ ಪಟ್ಟಿ ಈಗಾಗಲೇ ಉದ್ದವಿರುವ ಮಗುವಿಗೆ ಅದರಲ್ಲಿ ಇನ್ನೊಂದು ಹೆಸರನ್ನು ಸೇರಿಸುವುದು ಉಪಕಾರವಾಗುವುದಿಲ್ಲ.

ಹಣವನ್ನು ವಿಂಗಡಿಸುವಾಗ ಕಲಾವಿದರ ಸಂಭಾವನೆಗೆ ಮೊದಲ ಸ್ಥಾನ, ಮಕ್ಕಳ ಊಟ–ತಿಂಡಿ ಮತ್ತು ಓಡಾಟದ ವೆಚ್ಚಕ್ಕೆ ಎರಡನೆಯ ಸ್ಥಾನ, ವಾದ್ಯ, ಬಣ್ಣ, ಧ್ವನಿವರ್ಧಕಗಳಿಗೆ ಕೊನೆಯ ಸ್ಥಾನ ಕೊಡಿ. ಅನೇಕರು ಇದನ್ನು ತಿರುಗುಮುರುಗು ಮಾಡಿ, ಹೊಚ್ಚಹೊಸ ವಾದ್ಯಗಳ ಮುಂದೆ ಕಲಿಸುವವರೇ ಇಲ್ಲದಂತೆ ಮಾಡಿಕೊಳ್ಳುತ್ತಾರೆ.

ಹಂತ 1: ಹೊತ್ತನ್ನೂ ಜಾಗವನ್ನೂ ಅರಿತುಕೊಳ್ಳಿ

ನಿಮ್ಮ ಪ್ರದೇಶದಲ್ಲಿ ಗಲಾಟೆಗಳು ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ನಡೆಯುತ್ತವೆ ಎಂಬುದನ್ನು ಮೊದಲು ಬರೆದಿಡಿ. ಅಮೆರಿಕದ ದಾಖಲೆಗಳ ಪ್ರಕಾರ ಬಾಲಕರ ಹಿಂಸಾ ಕೃತ್ಯಗಳು ಶಾಲೆ ಇರುವ ದಿನಗಳಲ್ಲಿ ಶಾಲೆ ಬಿಟ್ಟ ಕೂಡಲೇ, ಮಧ್ಯಾಹ್ನ 3ರ ನಂತರದ ಗಂಟೆಗಳಲ್ಲಿ ಏರುತ್ತವೆ. ರಜಾದಿನಗಳಲ್ಲಿ ಸಂಜೆಯ ಕಡೆಗೆ ಸರಿಯುತ್ತವೆ. ನಿಮ್ಮಲ್ಲಿ ಬೇರೆಯೇ ಹೊತ್ತಿರಬಹುದು, ಆದ್ದರಿಂದ ಊಹಿಸಬೇಡಿ. ಶಾಲೆಯ ಕಾವಲುಗಾರರು, ಅಂಗಡಿಯವರು, ಆಸ್ಪತ್ರೆಯ ತುರ್ತು ವಿಭಾಗದ ದಾದಿಯರು ಮತ್ತು ಮುಖ್ಯವಾಗಿ ಹದಿಹರೆಯದವರನ್ನೇ ಕೇಳಿ. ಭಾನುವಾರ ಬೆಳಿಗ್ಗೆ ನಡೆಯುವ ಚಿತ್ರಕಲಾ ತರಗತಿ ಒಳ್ಳೆಯದೇ, ಆದರೆ ಶುಕ್ರವಾರ ಸಂಜೆ ನಡೆಯುವ ಹೊಡೆದಾಟವನ್ನು ಅದು ತಡೆಯಲಾರದು.

ಜಾಗದ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿಗೆ ಬರಲು ಯಾವ ಗುಂಪಿನ ಮಗುವಾದರೂ ಮತ್ತೊಂದು ಗುಂಪಿನ ಬೀದಿಯನ್ನು ದಾಟಬೇಕೇ? ದಾಟಬೇಕೆಂದಾದರೆ ಒಂದೋ ಜಾಗವನ್ನು ಬದಲಿಸಬೇಕು, ಇಲ್ಲವೇ ಕರೆತಂದು ಮನೆಗೆ ಬಿಡುವ ವ್ಯವಸ್ಥೆಯಾಗಬೇಕು. ಕೋಣೆಯ ಸೌಕರ್ಯಗಳೆಲ್ಲ ಇದರ ನಂತರದ ಮಾತು.

ಹಂತ 2: ಯಾರನ್ನು ಸೇರಿಸಿಕೊಳ್ಳಬೇಕೆಂದು ನಿರ್ಧರಿಸಿ

ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲೇ ಆದ್ದರಿಂದ ಈ ಹಂತವನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಸಹಜವಾಗಿ ಬರುವ ಯೋಚನೆ ಎಂದರೆ, ಪ್ರದೇಶದ ಅತ್ಯಂತ ತಂಟೆಕೋರ ಹುಡುಗರನ್ನೆಲ್ಲ ಪಟ್ಟಿ ಮಾಡಿ ಒಂದೇ ಕೋಣೆಯಲ್ಲಿ ಸೇರಿಸುವುದು. ಇದು ಹಾನಿಯನ್ನೇ ಮಾಡಬಲ್ಲದು. ಥಾಮಸ್ ಡಿಶಿಯನ್, ಜೋನ್ ಮೆಕಾರ್ಡ್ ಮತ್ತು ಫ್ರಾಂಸ್ವಾ ಪೂಲಾಂ 1999ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತೊಂದರೆಯಲ್ಲಿರುವ ಹದಿಹರೆಯದವರನ್ನು ಮಾತ್ರ ಗುಂಪುಗೂಡಿಸಿದ ಕೆಲವು ಸದುದ್ದೇಶದ ಕಾರ್ಯಕ್ರಮಗಳು ಅವರ ನಡವಳಿಕೆಯನ್ನು ಇನ್ನಷ್ಟು ಕೆಡಿಸಿದ್ದನ್ನು ತೋರಿಸಿದರು. ಒಬ್ಬನು ತಾನು ಮಾಡಿದ ಪುಂಡಾಟವನ್ನು ಹೇಳಿದಾಗ ಉಳಿದವರು ನಗುತ್ತಾರೆ, ಆ ನಗು ಅವನಿಗೆ ಬಹುಮಾನವಾಗುತ್ತದೆ, ಮುಂದಿನವನು ಅದಕ್ಕಿಂತ ದೊಡ್ಡದನ್ನು ಹೇಳುತ್ತಾನೆ. 1939ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಆರಂಭವಾದ ಕೇಂಬ್ರಿಜ್–ಸಾಮರ್‌ವಿಲ್ ಅಧ್ಯಯನದ (ಸಲಹೆಗಾರರ ನೆರವು, ಶಿಬಿರ ಇತ್ಯಾದಿ ಕೊಟ್ಟು ಹುಡುಗರು ಅಪರಾಧಕ್ಕಿಳಿಯದಂತೆ ತಡೆಯಲು ನೋಡಿದ ಪ್ರಯೋಗ) ಹುಡುಗರನ್ನು ಮೆಕಾರ್ಡ್ ಮೂರು ದಶಕಗಳ ನಂತರ ಹುಡುಕಿ ನೋಡಿದಾಗ, ನೆರವು ಪಡೆದವರ ಸ್ಥಿತಿ ಹಲವು ವಿಷಯಗಳಲ್ಲಿ ನೆರವು ಪಡೆಯದವರಿಗಿಂತ ಕೆಟ್ಟದಾಗಿತ್ತು. ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಹೋದವರಲ್ಲಿ ಇದು ಎದ್ದು ಕಾಣುತ್ತಿತ್ತು.

ಆದ್ದರಿಂದ ಗುಂಪು ಬೆರಕೆಯಾಗಿರಲಿ. 15 ಮಂದಿಯ ಗುಂಪಿನಲ್ಲಿ ತೀವ್ರ ತೊಂದರೆಯಲ್ಲಿರುವವರು ನಾಲ್ಕೈದು ಮಂದಿಯನ್ನು ಮೀರದಿರಲಿ ಎಂಬುದು ನನ್ನ ಸಲಹೆ. ಇದು ಎಲ್ಲೂ ವಿಧಿಸಲಾದ ನಿಯಮವಲ್ಲ, ಆದರೆ ಕೋಣೆಯ ಧಾಟಿಯನ್ನು ಉಳಿದವರು ನಿರ್ಧರಿಸುವಷ್ಟು ಬಹುಮತ ಅವರಿಗಿರಬೇಕು. ಒಂದೇ ಬೀದಿಯ ಒಂದೇ ತಂಡದವರೆಲ್ಲ ಬಂದು ಹೆಸರು ಬರೆಸಿದರೆ ಸಂತೋಷಪಡುವ ಬದಲು ಅವರನ್ನು ಬೇರೆ ಬೇರೆ ದಿನಗಳಿಗೆ ಹಂಚಿ.

ಇದರ ಎದುರು ತಪ್ಪೂ ಇದೆ. ಬೆರಕೆಯ ಹೆಸರಿನಲ್ಲಿ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟು ಸುಮ್ಮನೆ ಕುಳಿತರೆ, ಮೊದಲು ಬರುವವರು ಪೋಷಕರೇ ಕೈಹಿಡಿದು ಕರೆತರುವ ಮಕ್ಕಳು. ಮೇಲೆ ಹೇಳಿದ ವೆನೆಜುವೆಲಾದ ಅಧ್ಯಯನದಲ್ಲಿಯೇ ಭಾಗವಹಿಸಿದ ಮಕ್ಕಳಲ್ಲಿ ಬಡತನದ ಪ್ರಮಾಣ ಶೇ 16.7ರಷ್ಟಿತ್ತು, ಅವರು ವಾಸಿಸುವ ರಾಜ್ಯಗಳಲ್ಲಿ ಅದು ಶೇ 46.5ರಷ್ಟಿತ್ತು. ಬಡ ಮಕ್ಕಳಿಗಾಗಿಯೇ ಹೆಸರಾದ ಕಾರ್ಯಕ್ರಮದ ಗತಿಯೇ ಹೀಗಾದರೆ ನಿಮ್ಮದು ತಾನಾಗಿಯೇ ಸರಿಹೋಗುವುದೆಂದು ನಂಬಬೇಡಿ. ಅರ್ಧದಷ್ಟು ಸ್ಥಾನಗಳನ್ನು ಅಪಾಯದ ಅಂಚಿನಲ್ಲಿರುವವರಿಗೆ ಮೀಸಲಿಟ್ಟು (ಅವರಲ್ಲಿ ತೀವ್ರ ತೊಂದರೆಯಲ್ಲಿರುವವರು ಮೇಲೆ ಹೇಳಿದ ನಾಲ್ಕೈದು ಮಂದಿಯ ಮಿತಿಯೊಳಗೇ ಇರಲಿ), ಶಿಕ್ಷಕರು, ಆಪ್ತಸಮಾಲೋಚಕರು, ಮಕ್ಕಳ ರಕ್ಷಣಾ ಅಧಿಕಾರಿಗಳ ಮೂಲಕ ಹೆಸರುಗಳನ್ನು ಪಡೆದು, ಮನೆಗೇ ಹೋಗಿ ಕರೆಯಿರಿ. ಒಮ್ಮೆ ಕರೆದರೆ ಬರುವುದಿಲ್ಲ, ಮತ್ತೆ ಮತ್ತೆ ಹೋಗಬೇಕಾಗುತ್ತದೆ.

ಯಾರು ಯಾವ ದಾರಿಯಿಂದ ಬಂದರು ಎಂಬುದು ಮಕ್ಕಳಿಗೆ, ಸಾಧ್ಯವಾದರೆ ಸ್ವಯಂಸೇವಕರಿಗೂ, ತಿಳಿಯಬಾರದು. ಕಾರ್ಯಕ್ರಮದ ಹೆಸರಿನಲ್ಲಿ ‘ಅಪರಾಧ’, ‘ಹಿಂಸೆ’, ‘ಸುಧಾರಣೆ’ ಇಂಥ ಪದಗಳು ಇರಕೂಡದು. ಭಿತ್ತಿಪತ್ರದಲ್ಲಿ ‘ತಾಳವಾದ್ಯ ತಂಡಕ್ಕೆ ಆಯ್ಕೆ’ ಎಂದಿದ್ದರೆ ಸಾಕು.

ಹಂತ 3: ಕಲಾಪ್ರಕಾರವನ್ನು ಆರಿಸಿ

ಮಕ್ಕಳು ಈಗಾಗಲೇ ಗುಟ್ಟಾಗಿ ಏನನ್ನು ಮಾಡುತ್ತಿದ್ದಾರೋ ಅಲ್ಲಿಂದ ಆರಂಭಿಸುವುದು ಒಳ್ಳೆಯದು. ಮೊಬೈಲಿನಲ್ಲಿ ರ‍್ಯಾಪ್ ಬರೆಯುವವನಿಗೆ ಶಾಸ್ತ್ರೀಯ ಗಾಯನವನ್ನು ಹೇರಿದರೆ ಅವನು ಎರಡನೆಯ ವಾರಕ್ಕೆ ಕಾಣುವುದಿಲ್ಲ.

ತಾಳವಾದ್ಯ ಬೇಗ ಹಿಡಿತಕ್ಕೆ ಸಿಗುತ್ತದೆ, ಅಕ್ಷರ ಬಾರದವರಿಗೂ ಒಗ್ಗುತ್ತದೆ ಮತ್ತು ಒಬ್ಬನು ತಪ್ಪಿದರೆ ಎಲ್ಲರಿಗೂ ಗೊತ್ತಾಗುವುದರಿಂದ ಪರಸ್ಪರ ಅವಲಂಬನೆಯನ್ನು ಮಾತಿಲ್ಲದೆ ಕಲಿಸುತ್ತದೆ. ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ 1993ರ ಆಗಸ್ಟ್‌ನಲ್ಲಿ ವಿಗಾರಿಯೊ ಜೆರಾಲ್ ಎಂಬ ಬಡಾವಣೆಯ 21 ನಿವಾಸಿಗಳ ಹತ್ಯೆಯಾದ ಮೇಲೆ ‘ಆಫ್ರೊರೆಗ್ಗೆ’ ಎಂಬ ತಂಡ ಅಲ್ಲಿ ಕೆಲಸ ಆರಂಭಿಸಿದಾಗ ಅವರು ಕೈಗೆತ್ತಿಕೊಂಡದ್ದೂ ತಾಳವಾದ್ಯ ಮತ್ತು ನೃತ್ಯವನ್ನೇ. ಭಿತ್ತಿಚಿತ್ರದ ಗುಣ ಬೇರೆ: ಅದು ನಿಧಾನವಾದುದು, ಮಾತು ಕಡಿಮೆ ಬೇಡುವಂಥದ್ದು, ಮುಗಿದ ಮೇಲೆ ಬೀದಿಯಲ್ಲೇ ಉಳಿಯುವಂಥದ್ದು. ಫಿಲಡೆಲ್ಫಿಯಾ ನಗರವು 1984ರಲ್ಲಿ ಗೋಡೆ ಗೀಚುವ ಯುವಕರನ್ನು ಹಿಡಿದು ಶಿಕ್ಷಿಸುವುದರ ಬದಲು ಕಲಾವಿದೆ ಜೇನ್ ಗೋಲ್ಡನ್ ಅವರ ನೇತೃತ್ವದಲ್ಲಿ ಭಿತ್ತಿಚಿತ್ರಕ್ಕೆ ಹಚ್ಚಿದ ಪ್ರಯತ್ನ ಇಂದಿಗೂ ‘ಮ್ಯೂರಲ್ ಆರ್ಟ್ಸ್’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಆದರೆ ಗೋಡೆಯ ಒಡೆಯರಿಂದ ಲಿಖಿತ ಅನುಮತಿ ಪಡೆಯದೆ ಕುಂಚ ಎತ್ತಬೇಡಿ. ಹಾಗೆ ಮಾಡಿದರೆ ಮಕ್ಕಳನ್ನು ನೀವೇ ಹೊಸ ಮೊಕದ್ದಮೆಗೆ ಒಡ್ಡಿದಂತಾಗುತ್ತದೆ.

ಹಿಂಸೆಯ ಸಂದರ್ಭವನ್ನೇ ನೇರವಾಗಿ ಮುಟ್ಟಬಲ್ಲದ್ದು ನಾಟಕ. ಅದರ ಬಗ್ಗೆ ಆರನೆಯ ಹಂತದಲ್ಲಿ ವಿವರವಾಗಿ ಹೇಳುತ್ತೇನೆ. ಛಾಯಾಚಿತ್ರ ಮತ್ತು ವಿಡಿಯೊ ಮಕ್ಕಳಿಗೆ ಪ್ರಿಯವಾದರೂ, ಎದುರು ಗುಂಪಿನವರ ಮುಖ ಅಥವಾ ವಿಳಾಸ ಅಜಾಗರೂಕತೆಯಿಂದ ಹೊರಬೀಳುವ ಅಪಾಯವಿರುವುದರಿಂದ ಮೊದಲ ವರ್ಷದಲ್ಲಿ ಬೇಡವೆನ್ನುವುದೇ ನನ್ನ ಅಭಿಪ್ರಾಯ.

ಹಂತ 4: ಕಲಿಸುವವರನ್ನು ಗೊತ್ತುಮಾಡಿ

ಪ್ರತಿ ತರಗತಿಯಲ್ಲಿ ಇಬ್ಬರು ಹಿರಿಯರಿರಬೇಕು. ಒಬ್ಬರು ಕಲೆಯನ್ನು ಬಲ್ಲವರು, ಇನ್ನೊಬ್ಬರು ಮಕ್ಕಳನ್ನು ಬಲ್ಲವರು. ಒಬ್ಬರೇ ಇದ್ದರೆ, ಒಂದು ಮಗು ಅಳುತ್ತಾ ಹೊರಗೋಡಿದಾಗ ಅದರ ಹಿಂದೆ ಹೋಗುವುದೋ ಉಳಿದ 14 ಮಂದಿಯ ಜೊತೆ ನಿಲ್ಲುವುದೋ ಎಂಬ ಇಕ್ಕಟ್ಟು ಎದುರಾಗುತ್ತದೆ.

ಕಲಾವಿದರು ತಮ್ಮ ಕಲೆಯಲ್ಲಿ ನಿಜಕ್ಕೂ ನುರಿತವರಾಗಿರಬೇಕು. ‘ಇಂಥ ಮಕ್ಕಳಿಗೆ ಇಷ್ಟು ಸಾಕು’ ಎಂಬ ಧೋರಣೆಯ ಅರೆಬರೆ ಕಲಿಕೆಯನ್ನು ಅವರು ಮೊದಲ ದಿನವೇ ಗುರುತಿಸುತ್ತಾರೆ. ನೇಮಿಸಿಕೊಳ್ಳುವ ಮುನ್ನ ಅವರ ಹಿನ್ನೆಲೆಯ ಪರಿಶೀಲನೆ ಆಗಲೇಬೇಕು; ಎಷ್ಟೇ ಹೆಸರಾಂತ ಕಲಾವಿದರಿಗೂ ಇದರಲ್ಲಿ ವಿನಾಯಿತಿ ಇಲ್ಲ. ಆಘಾತವನ್ನು ಅನುಭವಿಸಿದ ಮಗು ಸಣ್ಣ ಸದ್ದಿಗೆ ಬೆಚ್ಚುವುದು, ಹೆಗಲ ಮೇಲೆ ಕೈಯಿಟ್ಟರೆ ಸಿಡಿಯುವುದು, ಇದ್ದಕ್ಕಿದ್ದಂತೆ ಕಲ್ಲಿನಂತಾಗುವುದು ಏಕೆ ಎಂಬುದರ ಬಗ್ಗೆ ಅವರಿಗೆ ತರಬೇತಿ ಕೊಡಿಸಿ. ಕಲಾವಿದರು ಚಿಕಿತ್ಸಕರಾಗಲು ಹೊರಡಬಾರದೆಂಬುದನ್ನೂ ಅಲ್ಲೇ ಸ್ಪಷ್ಟಪಡಿಸಿ. ಮಗು ತಾನಾಗಿ ಹೇಳಿದರೆ ಆಲಿಸಬೇಕು, ಕೆದಕಬಾರದು, ತಮ್ಮಿಂದಾಗದ್ದನ್ನು ಆಪ್ತಸಮಾಲೋಚಕರಿಗೆ ಒಪ್ಪಿಸಬೇಕು.

ಹಿಂದೆ ಅದೇ ಹಾದಿಯಲ್ಲಿದ್ದು ಹೊರಬಂದ ಯುವಕರನ್ನು ಸಹಾಯಕರಾಗಿ ಸೇರಿಸಿಕೊಳ್ಳುವುದು ಬಹಳ ಉಪಯುಕ್ತ. ಆದರೆ ಅವರ ಹಳೆಯ ‘ಸಾಹಸ’ಗಳ ಕಥೆ ತರಗತಿಯಲ್ಲಿ ಬೇಡ. ಮಕ್ಕಳನ್ನು ಸೆರೆಮನೆಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ ಕಾರ್ಯಕ್ರಮಗಳು ಅಪರಾಧವನ್ನು ಕಡಿಮೆ ಮಾಡುವುದರ ಬದಲು ಹೆಚ್ಚಿಸಿದವೆಂದು ಹಲವು ಪ್ರಯೋಗಗಳ ಒಟ್ಟು ವಿಮರ್ಶೆಯಿಂದ ತಿಳಿದಿದೆ.

ಹಂತ 5: ಒಪ್ಪಿಗೆ, ಗೋಪ್ಯತೆ, ನಿಯಮಗಳು

ಪೋಷಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಮಗುವಿನ ಒಪ್ಪಿಗೆಯನ್ನೂ ಬೇರೆಯಾಗಿ ಕೇಳಿ. ಭಾವಚಿತ್ರ ತೆಗೆಯಲು ಪ್ರತ್ಯೇಕ ಒಪ್ಪಿಗೆ ಬೇಕು. ಸಾಂಸ್ಕೃತಿಕ ಬದುಕಿನಲ್ಲಿ ಮತ್ತು ಕಲೆಗಳಲ್ಲಿ ಭಾಗವಹಿಸುವುದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯಂತೆ ಮಗುವಿನ ಹಕ್ಕು. ಆದ್ದರಿಂದ ಮನೆಯವರ ಮುಂದಾಗಲಿ ಮಗುವಿನ ಮುಂದಾಗಲಿ ಇದನ್ನು ಶಿಕ್ಷೆಯಂತೆಯೋ ಕೃಪೆಯಂತೆಯೋ ಮಂಡಿಸಬೇಡಿ.

ಗೋಪ್ಯತೆಯ ಮಿತಿಯನ್ನು ಮೊದಲ ದಿನವೇ ಸರಳವಾಗಿ ಹೇಳಬೇಕು: ‘ಇಲ್ಲಿ ನೀನು ಹೇಳಿದ್ದು ಇಲ್ಲೇ ಇರುತ್ತದೆ, ಆದರೆ ನಿನ್ನ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದೆಯೆಂದು ಗೊತ್ತಾದರೆ, ಅಥವಾ ಯಾರಾದರೂ ನಿನ್ನನ್ನು ಹಿಂಸಿಸುತ್ತಿದ್ದರೆ, ನಾವು ಸುಮ್ಮನಿರುವುದಿಲ್ಲ, ಯಾರಿಗೆ ಹೇಳುತ್ತೇವೆಂದು ನಿನಗೆ ತಿಳಿಸಿಯೇ ಹೇಳುತ್ತೇವೆ.’ ಇದನ್ನು ಮೊದಲೇ ಹೇಳದೆ ನಂತರ ವರದಿ ಮಾಡಿದರೆ ಅದು ಅವರ ಕಣ್ಣಿಗೆ ದ್ರೋಹವಾಗಿ ಕಾಣುತ್ತದೆ. ನಿಮ್ಮ ಪ್ರದೇಶದ ಕಾನೂನಿನಂತೆ ಏನನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂಬುದನ್ನು ವಕೀಲರಿಂದ ತಿಳಿದು ಬರೆದಿಡಿ.

ನಿಯಮಗಳು ಐದನ್ನು ಮೀರುವುದು ಬೇಡ. ಆಯುಧ ತರುವಂತಿಲ್ಲ, ಕೈ ಮಾಡುವಂತಿಲ್ಲ, ಇನ್ನೊಬ್ಬರ ಮನೆಯವರ ಬಗ್ಗೆ ಮಾತಾಡುವಂತಿಲ್ಲ ಎಂಬ ಮೂರನ್ನು ನೀವು ಇಟ್ಟು, ಉಳಿದೆರಡನ್ನು ಮಕ್ಕಳೇ ಸೇರಿಸಲಿ.

ಹಂತ 6: ತರಗತಿಯನ್ನು ನಡೆಸಿ

ಎರಡು ಗಂಟೆಯ ತರಗತಿಯೊಂದನ್ನು ಹೀಗೆ ಹಂಚಬಹುದು. ಮೊದಲ 15 ನಿಮಿಷ ತಿಂಡಿ ಮತ್ತು ಮಾತು. ಹಸಿದ ಮಗುವಿನ ಸಿಟ್ಟನ್ನು ನಡವಳಿಕೆಯ ಸಮಸ್ಯೆಯೆಂದು ತಪ್ಪಾಗಿ ತಿಳಿಯುವುದು ಇದರಿಂದ ತಪ್ಪುತ್ತದೆ. ನಂತರದ 15 ನಿಮಿಷ ಮೈಸಡಿಲಿಸುವ ಆಟ, 60 ನಿಮಿಷ ಗಟ್ಟಿಯಾದ ತಾಲೀಮು, 20 ನಿಮಿಷ ಒಬ್ಬರ ಕೆಲಸವನ್ನು ಒಬ್ಬರು ನೋಡಿ ಹೇಳುವುದು, ಕೊನೆಯ 10 ನಿಮಿಷ ಸಾಮಾನು ಎತ್ತಿಡುವುದು. ಈ ಕ್ರಮ ಪ್ರತಿ ಬಾರಿಯೂ ಒಂದೇ ಆಗಿರಲಿ. ಮುಂದೇನು ಬರುತ್ತದೆಂಬುದು ತಿಳಿದಿರುವ ಎರಡು ಗಂಟೆಗಳು ಕೆಲವು ಮಕ್ಕಳಿಗೆ ಇಡೀ ವಾರದಲ್ಲಿ ಸಿಗುವುದು ಇಲ್ಲಿ ಮಾತ್ರ.

ಮೊದಲ ಆರು ವಾರ ಹಿಂಸೆಯ ವಿಷಯವನ್ನೇ ಎತ್ತಬೇಡಿ. ಕೇವಲ ಕಲೆ ಇರಲಿ, ಕಷ್ಟದ ಕಲೆಯೇ ಇರಲಿ. ನಂಬಿಕೆ ಕುದುರಿದ ಮೇಲೆ ನಾಟಕದ ಮೂಲಕ ಆ ವಿಷಯಕ್ಕೆ ಬರಬಹುದು. ಇದಕ್ಕೆ ತಕ್ಕ ಸಾಧನ ‘ಫೋರಂ ಥಿಯೇಟರ್’. ಬ್ರೆಜಿಲಿನ ರಂಗಕರ್ಮಿ ಅಗಸ್ಟೊ ಬೋಲ್ (1931–2009) 1970ರ ದಶಕದಲ್ಲಿ ರೂಪಿಸಿದ ಈ ವಿಧಾನದಲ್ಲಿ, ಕೆಟ್ಟದಾಗಿ ಕೊನೆಗೊಳ್ಳುವ ಒಂದು ಚಿಕ್ಕ ಪ್ರಸಂಗವನ್ನು ಮೊದಲು ಆಡಲಾಗುತ್ತದೆ. ಎರಡನೆಯ ಬಾರಿ ಆಡುವಾಗ ಪ್ರೇಕ್ಷಕರಲ್ಲಿ ಯಾರಾದರೂ ‘ನಿಲ್ಲಿ’ ಎಂದು ಕೂಗಿ, ಪಾತ್ರಧಾರಿಯನ್ನು ಕೂರಿಸಿ, ತಾವೇ ಆ ಜಾಗಕ್ಕೆ ಬಂದು ಬೇರೆ ರೀತಿಯಲ್ಲಿ ನಡೆದುಕೊಂಡು ನೋಡುತ್ತಾರೆ. ಎದುರು ಪಾತ್ರಧಾರಿ ಸುಲಭವಾಗಿ ಸೋಲುವಂತಿಲ್ಲ. ನಡುವೆ ನಿಂತು ನಡೆಸಿಕೊಡುವವರನ್ನು ಬೋಲ್ ‘ಜೋಕರ್’ ಎಂದು ಕರೆದರು. ಜೋಕರ್‌ನ ಕೆಲಸ ‘ಇದು ನಿಜವಾಗಿ ನಡೆಯುತ್ತದೆಯೇ?’ ಎಂದು ಕೇಳುವುದು, ಸರಿಯಾದ ಉತ್ತರವನ್ನು ತಾನೇ ಹೇಳಿಬಿಡುವುದಲ್ಲ.

ಪ್ರಸಂಗವನ್ನು ಆರಿಸುವಾಗ ಕೊಲೆ, ಚೂರಿ ಇತ್ಯಾದಿ ದೊಡ್ಡ ಘಟನೆಗಳು ಬೇಡ. ಅದಕ್ಕೂ ಎಷ್ಟೋ ಹಿಂದಿನ ಕ್ಷಣವನ್ನು ತೆಗೆದುಕೊಳ್ಳಿ: ದಾರಿಯಲ್ಲಿ ಹೆಗಲು ತಾಗಿತು, ಮೊಬೈಲಿನಲ್ಲಿ ಯಾರೋ ಅವಮಾನದ ಚಿತ್ರ ಹಂಚಿದರು, ಗೆಳೆಯ ‘ಬಾ, ಸುಮ್ಮನೆ ನಿಂತಿರು ಸಾಕು’ ಎಂದು ಕರೆದ. ಹಿಂಜರಿಯಲು ಇನ್ನೂ ಜಾಗವಿರುವುದು ಆ ಕ್ಷಣದಲ್ಲೇ. ಷಿಕಾಗೋದ ಶಾಲೆಗಳಲ್ಲಿ ನಡೆಯುವ ‘ಬಿಕಮಿಂಗ್ ಎ ಮ್ಯಾನ್’ ಎಂಬ ಕಾರ್ಯಕ್ರಮ ಕಲಾ ಕಾರ್ಯಕ್ರಮವಲ್ಲದಿದ್ದರೂ ಅದರ ಒಂದು ಆಟ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜೋಡಿಯಲ್ಲಿ ಒಬ್ಬನ ಮುಷ್ಟಿಯಲ್ಲಿ ಚೆಂಡಿರುತ್ತದೆ, ಇನ್ನೊಬ್ಬನಿಗೆ 30 ಸೆಕೆಂಡಿನಲ್ಲಿ ಅದನ್ನು ಪಡೆಯಲು ಹೇಳಲಾಗುತ್ತದೆ. ಬಹುತೇಕ ಎಲ್ಲರೂ ಎಳೆದಾಡುತ್ತಾರೆ, ‘ದಯವಿಟ್ಟು ಕೊಡುತ್ತೀಯಾ’ ಎಂದು ಕೇಳುವವರು ಇಲ್ಲವೆನ್ನುವಷ್ಟು ವಿರಳ. ಆಟ ಮುಗಿದ ಮೇಲಿನ ಮಾತುಕತೆಯೇ ಅದರ ತಿರುಳು. ತಟ್ಟನೆ ಹೊಳೆದುದನ್ನು ಮಾಡುವ ಮುನ್ನ ಒಂದು ಕ್ಷಣ ತಡೆಯುವುದನ್ನು ಹೀಗೆ ಅಭ್ಯಾಸ ಮಾಡಿಸಿದ ಆ ಕಾರ್ಯಕ್ರಮದ ಅವಧಿಯಲ್ಲಿ, ಹಿಂಸೆಯ ಅಪರಾಧಗಳಿಗಾಗಿ ಆಗುವ ಬಂಧನಗಳು ಶೇ 45ರಿಂದ 50ರಷ್ಟು ಕಡಿಮೆಯಾದವೆಂದು ಎರಡು ಪ್ರಯೋಗಗಳ ಫಲಿತಾಂಶ 2017ರಲ್ಲಿ ಪ್ರಕಟವಾಯಿತು.

ಎಚ್ಚರಿಕೆ: ಮಗುವಿನ ಸ್ವಂತ ಕಥೆಯನ್ನು ಅದೇ ಮಗುವಿನಿಂದ ಆಡಿಸಬೇಡಿ. ಹಲವರ ಅನುಭವಗಳನ್ನು ಬೆರೆಸಿ ಯಾರದೂ ಅಲ್ಲದ ಪ್ರಸಂಗ ಕಟ್ಟಿ. ಬಲಿಯಾದವನ ಪಾತ್ರಕ್ಕೆ ಕೋಣೆಯಲ್ಲಿ ಎಲ್ಲರ ಗೇಲಿಗೆ ಗುರಿಯಾಗುವವನನ್ನು ಹಾಕಬೇಡಿ. ಆಟ ಮುಗಿದ ಮೇಲೆ ಪ್ರತಿಯೊಬ್ಬರೂ ಪಾತ್ರದ ಹೆಸರನ್ನು ಬಿಟ್ಟು ತಮ್ಮ ಹೆಸರನ್ನು ಹೇಳಿ ಹೊರಬರುವ ರೂಢಿ ಇರಲಿ.

ಹಂತ 7: ಜಗಳವಾದಾಗ

ಜಗಳ ಆಗಿಯೇ ಆಗುತ್ತದೆ. ಆಗ ಮೊದಲು ಮಾಡಬೇಕಾದುದು ನೋಡುತ್ತಿರುವವರನ್ನು ಹೊರಗೆ ಕಳುಹಿಸುವುದು. ಪ್ರೇಕ್ಷಕರಿಲ್ಲದ ಜಗಳ ಬೇಗ ತಣಿಯುತ್ತದೆ. ಇಬ್ಬರನ್ನೂ ಬೇರೆ ಬೇರೆ ಕೋಣೆಗೆ, ಬೇರೆ ಬೇರೆ ಹಿರಿಯರ ಜೊತೆ ಕಳುಹಿಸಿ. ಆ ದಿನ ವಿಚಾರಣೆ ಬೇಡ. ಇಬ್ಬರೂ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಮನೆಗೆ ಹೋಗದಂತೆ ನೋಡಿಕೊಳ್ಳಿ. ಮರುದಿನ ಪ್ರತ್ಯೇಕವಾಗಿ ಮಾತನಾಡಿ, ಇಬ್ಬರೂ ಒಪ್ಪಿದರೆ ಮಾತ್ರ ಎದುರುಬದುರು ಕೂರಿಸಿ.

ಹೊರಹಾಕುವುದು ಕೊನೆಯ ಅಸ್ತ್ರ. ಆಯುಧ ತಂದಾಗ ಅಥವಾ ಉಳಿದವರ ಸುರಕ್ಷತೆಗೆ ಬೇರೆ ದಾರಿಯೇ ಇಲ್ಲದಾಗ ಅದು ಅನಿವಾರ್ಯವಾಗಬಹುದು. ಆಗಲೂ ವಾಪಸಾಗಲು ಏನು ಮಾಡಬೇಕೆಂಬುದನ್ನು ದಿನಾಂಕದೊಂದಿಗೆ ಬರೆದುಕೊಡಿ, ವಾರಕ್ಕೊಮ್ಮೆ ಅವನ ಜೊತೆ ಮಾತನಾಡುವುದನ್ನು ಬಿಡಬೇಡಿ. ಸಣ್ಣ ತಪ್ಪಿಗೆ ಹೊರಗಟ್ಟುವ ಕಾರ್ಯಕ್ರಮದಲ್ಲಿ ವರ್ಷಾಂತ್ಯಕ್ಕೆ ಉಳಿಯುವವರು ಅದರ ಅಗತ್ಯವೇ ಇಲ್ಲದಿದ್ದವರು.

ಹೊರಗೆ ನಡೆದ ಹಿಂಸೆಯಲ್ಲಿ ಗುಂಪಿನ ಒಬ್ಬರಿಗೆ ಪೆಟ್ಟಾದರೆ ಅಥವಾ ಸಾವು ಸಂಭವಿಸಿದರೆ ಅಂದು ತರಗತಿಯನ್ನು ರದ್ದುಪಡಿಸಬೇಡಿ. ತಾಲೀಮು ಇಲ್ಲದಿದ್ದರೂ ಬಾಗಿಲು ತೆರೆದು, ಆಪ್ತಸಮಾಲೋಚಕರನ್ನು ಕರೆಸಿ, ಹಿರಿಯರೆಲ್ಲರೂ ಅಲ್ಲಿರಬೇಕು. ಸೇಡಿನ ಮಾತು ಹುಟ್ಟುವುದು ಆ ಒಂದೆರಡು ದಿನಗಳಲ್ಲೇ.

ಹಂತ 8: ಪ್ರದರ್ಶನ

ಪ್ರದರ್ಶನವಿಲ್ಲದೆ ತಾಲೀಮಿಗೆ ಗುರಿಯಿರುವುದಿಲ್ಲ, ಆದ್ದರಿಂದ ನಾಲ್ಕೈದು ತಿಂಗಳಿಗೊಮ್ಮೆ ಒಂದು ಇರಲಿ. ಮೊದಲನೆಯದು ಮನೆಯವರಿಗೆ ಮತ್ತು ಶಿಕ್ಷಕರಿಗೆ ಮಾತ್ರ ಸೀಮಿತವಾಗಿರಲಿ. ಬರಲಾರದ ಮನೆಯವರಿಗಾಗಿ ಒಬ್ಬ ಹಿರಿಯರು ಆ ಮಗುವಿನ ಪಾಲಿಗೆ ಬಂದು ಕೂರಲಿ.

ಅತಿಥಿಗಳು ವೇದಿಕೆಯ ಮೇಲೆ ‘ದಾರಿತಪ್ಪಿದ್ದ ಈ ಮಕ್ಕಳು’ ಎಂದು ಆರಂಭಿಸುವ ಭಾಷಣ ತಿಂಗಳುಗಳ ಕೆಲಸವನ್ನು ಒಂದು ವಾಕ್ಯದಲ್ಲಿ ಹಾಳುಮಾಡುತ್ತದೆ. ಅತಿಥಿಗಳಿಗೆ ಮೊದಲೇ ಲಿಖಿತವಾಗಿ ತಿಳಿಸಿ, ಸಾಧ್ಯವಾದರೆ ಭಾಷಣವನ್ನೇ ಕೈಬಿಡಿ. ಹಣ ಕೊಟ್ಟವರು ‘ಬದಲಾದ ಹುಡುಗ’ನೊಬ್ಬನ ಚಿತ್ರ ಮತ್ತು ಕಥೆಯನ್ನು ಕೇಳುತ್ತಾರೆ. ಕೊಡಬೇಡಿ. ಅವನ ಕಲಾಕೃತಿಯ ಚಿತ್ರವನ್ನು, ಅವನ ಒಪ್ಪಿಗೆಯಿದ್ದರೆ, ಕೊಡಬಹುದು.

ಹಂತ 9: ಅಳೆಯಿರಿ

ಹಾಜರಾತಿ, ಎಷ್ಟು ತಿಂಗಳು ಉಳಿದರು, ಶಾಲೆಯ ಹಾಜರಾತಿ, ಶಾಲೆಯಿಂದ ಅಮಾನತಾದ ದಿನಗಳು ಇವನ್ನು ಸೇರುವಾಗಲೂ ಆರು ತಿಂಗಳಿಗೊಮ್ಮೆಯೂ ಬರೆದಿಡಿ. ಬಂಧನಗಳ ಲೆಕ್ಕವೊಂದನ್ನೇ ನೆಚ್ಚಿಕೊಳ್ಳಬಾರದು, ಏಕೆಂದರೆ ಪೊಲೀಸರ ಗಸ್ತು ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಅರ್ಜಿಗಳು ಸ್ಥಾನಗಳಿಗಿಂತ ಹೆಚ್ಚಾದರೆ ಚೀಟಿ ಎತ್ತಿ ಆರಿಸಿ; ಸ್ಥಾನ ಸಿಗದೆ ಕಾಯುವವರು ಹೋಲಿಕೆ ಗುಂಪಾಗುತ್ತಾರೆ, ಅಂದರೆ ಕಾರ್ಯಕ್ರಮವಿಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ಅಂದಾಜಿಸಲು ನೆರವಾಗುತ್ತಾರೆ. ಅವರಿಗೆ ಮುಂದಿನ ಸುತ್ತಿನಲ್ಲಿ ಮೊದಲ ಅವಕಾಶ ಸಿಗಬೇಕು. ಮಧ್ಯದಲ್ಲಿ ಬಿಟ್ಟುಹೋದವರನ್ನು ಲೆಕ್ಕದಿಂದ ತೆಗೆಯಬೇಡಿ. ಉಳಿದವರನ್ನಷ್ಟೇ ಎಣಿಸಿದರೆ ಯಾವ ಕಾರ್ಯಕ್ರಮವಾದರೂ ಯಶಸ್ವಿಯಾಗಿಯೇ ಕಾಣುತ್ತದೆ.

ಹಂತ 10: ಮುಂದಿನ ದಾರಿಯನ್ನು ಮೊದಲೇ ಹಾಕಿ

18 ತುಂಬಿದ ಕೂಡಲೇ ಬಾಗಿಲು ಮುಚ್ಚಿದರೆ, ಅತ್ಯಂತ ಅಪಾಯದ ವಯಸ್ಸಿನಲ್ಲೇ ಕೈಬಿಟ್ಟಂತೆ. ಎರಡನೆಯ ವರ್ಷದಿಂದ ಹಿರಿಯ ಮಕ್ಕಳನ್ನು ಸಂಭಾವನೆ ಕೊಟ್ಟು ಸಹಾಯಕರನ್ನಾಗಿ ಮಾಡಿಕೊಳ್ಳಿ. ಧ್ವನಿ ಮತ್ತು ಬೆಳಕಿನ ಕೆಲಸ, ರಂಗಸಜ್ಜಿಕೆಯ ಬಡಗಿತನ, ಫಲಕ ಬರೆಯುವುದು ಇವುಗಳಲ್ಲಿ ಕೈ ಪಳಗಿದರೆ ಹೊರಗೂ ಕೆಲಸ ಸಿಗುತ್ತದೆ. ಎಲ್ಲರೂ ಕಲಾವಿದರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಹಣ ನಿಂತು ಕಾರ್ಯಕ್ರಮವನ್ನೇ ಮುಚ್ಚಬೇಕಾಗಿ ಬಂದರೆ ಕನಿಷ್ಠ ಮೂರು ತಿಂಗಳು ಮೊದಲೇ ಮಕ್ಕಳಿಗೆ ನೇರವಾಗಿ ತಿಳಿಸಿ. ಪ್ರತಿಯೊಬ್ಬರಿಗೂ ಮುಂದೆ ಎಲ್ಲಿಗೆ ಹೋಗಬಹುದು, ಯಾರನ್ನು ಕಾಣಬೇಕು ಎಂಬುದನ್ನು ಗೊತ್ತುಮಾಡಿ, ಹೊಸ ಜಾಗಕ್ಕೆ ಮೊದಲ ಸಲ ನೀವೇ ಜೊತೆಯಲ್ಲಿ ಹೋಗಿ ಪರಿಚಯಿಸಿ. ವಾದ್ಯಗಳನ್ನೂ ಬಣ್ಣದ ಸಾಮಗ್ರಿಗಳನ್ನೂ ಗೋದಾಮಿಗೆ ಹಾಕದೆ, ಪಟ್ಟಿ ಮಾಡಿ, ಸಹಿ ಹಾಕಿಸಿಕೊಂಡು ಮಕ್ಕಳಿಗೇ ಹಂಚಿ.